ಸೆಕೆಯನ್ನು ಎಲ್ಲಿಟ್ಟರು?

ದೋಹಾ
೨೭ ಡಿಸೆಂಬರ್ ೨೦೨೨

ಪ್ರೀತಿಯ ಖಾಲಿ,

ಅಸ್ಸಲಾಮು ಅಲೈಕುಮ್. ನಾವೆಲ್ಲ ಇಲ್ಲಿ ಕ್ಷೇಮ. ನೀವು ಹೇಗಿದ್ದೀರಿ? ಮಂಡಿನೋವು ಇಳಿಯಿತೇ, ಅಥವಾ ತುಫೂಲತ್ತೆ ಮಾರುಕಟ್ಟೆಗೆ ಹೋಗಿ ಬನ್ನಿ ಅಂದಾಗ ಮಾತ್ರ ಬರುವ ಹಳೆಯ ಶಿಸ್ತನ್ನೇ ಪಾಲಿಸುತ್ತಿದೆಯೇ? ಅತ್ತೆಯ ರಕ್ತದೊತ್ತಡ ಹೇಗಿದೆ? ನೀವು ಮಾತು ಕಡಿಮೆ ಮಾಡಿದರೆ ಅದು ತಾನಾಗಿ ಇಳಿಯುತ್ತದೆ ಎಂದು ಅಮ್ಮನ ಅಭಿಪ್ರಾಯ. ಹಿತ್ತಲ ತೆಂಗಿನಮರಗಳನ್ನು, ಬಾಳೆಯನ್ನು, ಆ ಮೊಂಡು ಒಂಟೆಯನ್ನು ಕೇಳಿದೆನೆಂದು ಹೇಳಿ. ಮತ್ತೆ, ಎಲ್ಲರಿಗಿಂತ ಮುಖ್ಯವಾಗಿ, ನಿಮ್ಮ ಮೀಸೆ ಸೌಖ್ಯವೇ?

ನಮ್ಮ ಅರಬ್ಬಿ ಭಾಷೆಯನ್ನು ಕಟ್ಟಿದವರಿಗೆ ನಿಮ್ಮಂಥ ಒಬ್ಬ ಸೋದರಮಾವ ಇದ್ದಿರಬೇಕು. ಇಲ್ಲದಿದ್ದರೆ ‘ನನ್ನ ಮಾವ’ ಎಂದು ಕರೆಯುವುದಕ್ಕೂ ‘ಬರಿದು’ ಎಂದು ಹೇಳುವುದಕ್ಕೂ ಖಾಲಿ ಎಂಬ ಒಂದೇ ಪದವನ್ನು ಯಾಕೆ ಇಡುತ್ತಿದ್ದರು? ನಿಮ್ಮ ಸಲಾಲಾಕ್ಕೂ ನಮ್ಮ ದೋಹಾಕ್ಕೂ ನಡುವೆ ಮಲಗಿರುವ ಆ ಮಹಾ ಮರಳುಗಾಡಿಗೂ ಅದೇ ಹೆಸರು. ಭೂಗೋಳದ ಪಾಠದಲ್ಲಿ ಅದನ್ನು ‘ಖಾಲಿ ಇರುವ ಕಾಲುಭಾಗ’ ಎಂದು ಓದಬೇಕಿತ್ತು. ನಾನು ‘ನನ್ನ ಮಾವನ ಕಾಲುಭಾಗ’ ಎಂದು ಓದಿ, ಇಷ್ಟೆಲ್ಲ ಮರಳು ನಮ್ಮ ಮಾವನದೇ ಎಂದು ತರಗತಿಯಲ್ಲಿ ಜಂಬ ಕೊಚ್ಚಿದ್ದೆ. ಈಗ ನೋಡಿದರೆ ಆ ಹುಡುಗಿ ಓದಿದ್ದೇ ಸರಿ. ಶುಕ್ರವಾರದ ಊಟಕ್ಕೆ ಹಾಸಿದ ಚಾಪೆಯ ಮೇಲೆ ಕಾಲುಭಾಗ ಖಾಲಿಯದೇ, ಅಂದರೆ ನಿಮ್ಮದೇ, ಅಂದರೆ ಖಾಲಿಯೇ. ಅಮ್ಮ ಇಂದಿಗೂ ಹಮೂರ್ ಮೀನಿನ ತಲೆಯನ್ನು ಆ ಕಡೆಗೆ ತಿರುಗಿಸಿ ಇಡುತ್ತಾಳೆ. ಅದು ನಿಮ್ಮ ಹಕ್ಕಂತೆ. ಅಪ್ಪನಿಗೆ ತಲೆ ಇಷ್ಟ, ಆದರೆ ಕೈ ಚಾಚುವ ಧೈರ್ಯ ಇಲ್ಲ. ಊಟ ಮುಗಿಯುವವರೆಗೂ ಆ ಮೀನು ಅಪ್ಪನನ್ನು ದುರುಗುಟ್ಟಿ ನೋಡುತ್ತಿರುತ್ತದೆ.

ಫೋನು ಬಿಟ್ಟು ಪತ್ರ ಯಾಕೆ ಎನ್ನುತ್ತೀರಿ. ಹಬ್ಬಕ್ಕೊಮ್ಮೆ ಅತ್ತೆಯ ಫೋನಿನಲ್ಲಿ ನೀವು ಅಮ್ಮನೊಡನೆ ಮಾತಾಡುವುದು ಅಷ್ಟೇ ಅಲ್ಲವೇ, “ಬರ್ತೀನಿ ಅಕ್ಕ, ಬರ್ತೀನಿ, ಮುಂದಿನ್ ಸಲ ಖಂಡಿತ” ಎನ್ನುವಷ್ಟು! ಹಿಂದಿನಿಂದ ಅಪ್ಪ ಕೆಮ್ಮಿದರೆ ಸಾಕು, ಸಿಗ್ನಲ್ಲು ಹೋಗಿಬಿಡುತ್ತದೆ. ತಪ್ಪು ನಿಮ್ಮದೊಂದೇ ಎನ್ನಲಾರೆ. ದಿನಬೆಳಗಾದರೆ ವಾಟ್ಸಾಪಿನಲ್ಲಿ ಅಪ್ಪನಿಂದ ಒಂದೊಂದು ಜಾತಿಯ ಕ್ಷೌರದ ಕತ್ತಿಯ ಚಿತ್ರ ಬಂದರೆ ಯಾರಾದರೂ ನಂಬರು ಬದಲಿಸುತ್ತಾರೆ. ಅಪ್ಪನಿಗೆ ಜನ ಬ್ಲೇಡು ಹಾಕುವವರು ಎನ್ನುವುದು ಮಾತಿಗೆ. ನಿಮ್ಮ ವಿಷಯದಲ್ಲಿ ಅವರು ಅಕ್ಷರಶಃ ಹಾಕಿದರು. ಪತ್ರವನ್ನಾದರೆ ನೀವು ಮಧ್ಯದಲ್ಲಿ ಕತ್ತರಿಸಲಾರಿರಿ. ಕೊನೆಯವರೆಗೂ ಓದಲೇಬೇಕು, ಯಾಕೆಂದರೆ ಇದರಲ್ಲಿ ನಿಮಗೆ ಬೇಕಾದ ಸಾಕ್ಷ್ಯ ಇದೆ. ಅಮ್ಮನಿಗೆ ಅವಳ ತಮ್ಮ ಬೇಕು. ನಾನು ಬರೆಯುತ್ತಿರುವುದು ಅದೊಂದಕ್ಕೇ. ಉಳಿದದ್ದೆಲ್ಲ ಅದನ್ನು ನಿಮಗೆ ತಲುಪಿಸುವ ಗಾಡಿ.

ಮೊದಲಿನಿಂದ ಹೇಳುತ್ತೇನೆ, ನಿಮ್ಮ ನೆನಪಿನ ಮೇಲೆ ನನಗೆ ನಂಬಿಕೆ ಕಡಿಮೆ. ವಿಶ್ವಕಪ್ಪು ನಮ್ಮೂರಿಗೆ ಬರುತ್ತದೆಂದು ತಿಳಿದ ಸಂಜೆ ಕಾರುಗಳೆಲ್ಲ ಕೂಗಿಕೊಳ್ಳುತ್ತಿದ್ದವು, ನೀವು ನಿಮ್ಮ ಕಾರಿನ ನೆತ್ತಿಯ ಮೇಲೆ ನಿಂತು ಕುಣಿದಿರಿ. ನೆತ್ತಿಯ ತಗ್ಗು ಆಮೇಲೆ ಯಾವ ಗ್ಯಾರೇಜಿನಲ್ಲೂ ಹೋಗಲಿಲ್ಲ. ಅಪ್ಪ ಮಾತ್ರ ಬಾಗಿಲಲ್ಲಿ ನಿಂತು ಕಹ್ವಾ ಕಾಫಿಯ ಪುಟ್ಟ ಬಟ್ಟಲು ಹಿಡಿದು ಕೇಳಿದರು: “ಜೂನ್ ತಿಂಗಳಲ್ಲಿ ಆಡೋದಾ? ಇಲ್ಲಿ? ಜೂನಲ್ಲಿ ನಮ್ಮನೆ ಬೆಕ್ಕು ಬೀದಿ ದಾಟಲ್ಲ ಕಣೋ ಶಾಹೀನ್!” ನೀವು ಮೇಲಿನಿಂದಲೇ, “ಮೋಡ ತರ್ತಾರೆ ಭಾವ! ಮೈದಾನದ ಮೇಲೆ ಯಂತ್ರದ ಮೋಡ ನಿಲ್ಲಿಸ್ತಾರೆ! ಕೆಳಗಡೆಯಿಂದ ತಣ್ಣನೆ ಗಾಳಿ ಬಿಡ್ತಾರೆ! ನೀವು ಬೇಸಿಗೇಲಿ ನಡುಗ್ತಾ ಕೂತು ಮ್ಯಾಚ್ ನೋಡ್ತೀರ, ಬರ್ಕೊಳ್ಳಿ!” ಎಂದಿರಿ. “ಮೋಡಕ್ಕೆ ವೀಸಾ ಯಾರು ಕೊಡ್ತಾರಪ್ಪ?” ಎಂದು ಅಪ್ಪ, ಇನ್ನು ಸಾಕು ಎಂಬಂತೆ ಬಟ್ಟಲು ಅಲ್ಲಾಡಿಸಿ ಒಳಗೆ ಹೋದರು.

ಆಮೇಲೆ ನಡೆದ ಪ್ರಯೋಗ ವಿಜ್ಞಾನದ ಚರಿತ್ರೆಯಲ್ಲಿ ಸೇರಬೇಕಾದದ್ದು. ಮುಂದಿನ ಜುಲೈಯ ನಡುಹಗಲು, ನಮ್ಮ ಅಂಗಳದಲ್ಲಿ, ಹೊಟ್ಟೆ ಬಂದ ಇಬ್ಬರು ಗಂಡಸರು ಸಾಧ್ಯವೋ ಅಸಾಧ್ಯವೋ ನೋಡಿಯೇಬಿಡೋಣ ಎಂದು ಚೆಂಡು ಹಿಡಿದು ಇಳಿದರು. ಗೋಲುಗಂಬಕ್ಕೆ ನಿಮ್ಮ ಚಪ್ಪಲಿ ಜೋಡಿ ಇಟ್ಟಿರಿ. ಅಂದರೆ ನೀವು ಬರಿಗಾಲು. ಅಪ್ಪ ಜಾಣರು, ಗೋಲಿ ಆಗುತ್ತೇನೆಂದು ಅಡುಗೆಮನೆಯ ನೆರಳಿನಲ್ಲಿ ನಿಂತರು. ಚೆಂಡನ್ನು ನೀವು ಒದ್ದಿರೋ, ಕಾದ ನೆಲ ನಿಮ್ಮನ್ನು ಒದ್ದಿತೋ ಇಂದಿಗೂ ತೀರ್ಮಾನವಾಗಿಲ್ಲ. ಸ್ವಲ್ಪ ಹೊತ್ತಿನಲ್ಲೇ ಚೆಂಡಿನ ಅಂಟು ಬಿಟ್ಟು ಚರ್ಮ ಬಾಯ್ದೆರೆಯಿತು, ನೀವು ಬಾಯ್ದೆರೆದು ಅಂಗಳದ ನಡುವೆ ಅಂಗಾತ ಬಿದ್ದಿರಿ. ಅಮ್ಮ ಬಕೆಟ್ಟು ತಂದು ಸುರಿದಳು. ಗಾಬರಿಯಲ್ಲಿ ಅವಳು ತಣ್ಣೀರಿನ ನಲ್ಲಿ ತಿರುಗಿಸಿದ್ದಳು. ಬೇಸಿಗೆ ಬಂತೆಂದರೆ ನಮ್ಮೂರ ನಲ್ಲಿಗಳು ಪಕ್ಷಾಂತರ ಮಾಡುತ್ತವೆ ಎಂಬುದನ್ನು ಆ ಗಳಿಗೆಯಲ್ಲಿ ಮರೆತಳು. ತಣ್ಣೀರು ಮಾಳಿಗೆಯ ಮೇಲಿನ ಟ್ಯಾಂಕಿನಿಂದ ಕುದಿಯುತ್ತಾ ಬರುತ್ತದೆ. ತಣ್ಣಗಿರುವ ನೀರು ಬೇಕಾದರೆ, ಆರಿಸಿಟ್ಟ ಗೀಸರಿನ ಬಿಸಿನೀರಿನ ನಲ್ಲಿಯನ್ನೇ ತಿರುಗಿಸಬೇಕು. ಬಿದ್ದವರು ಚಂಗನೆ ಎದ್ದಿರಿ. “ನೋಡಿದ್ರಾ, ಎದ್ದೆ! ಆಡಬಹುದು ಅಂತ ಸಾಬೀತಾಯ್ತು” ಎಂದು ನೀವೇ ಹೇಳಿಕೊಂಡಿರಿ. “ನಾನು ಬಿದ್ದಿರಲಿಲ್ಲ ಭಾವ, ಆಕಾಶ ನೋಡ್ತಿದ್ದೆ, ಮೋಡ ಎಲ್ಲಿ ನಿಲ್ಲಿಸ್ತಾರೆ ಅಂತ.”

ಆ ದಿನದ ಸಂಜೆಯೇ ಗಂಡಸರು ಕೂಡುವ ಮಜ್ಲಿಸಿನಲ್ಲಿ, ಪಕ್ಕದ ಮನೆಯ ಬೂ ಖಮೀಸ್ ತಾತ ಮೊದಲಾಗಿ ಎಲ್ಲರ ಎದುರು, ಆ ಮಹಾ ಪ್ರತಿಜ್ಞೆಗಳಾದವು. ನಾನು ಒಳಬಾಗಿಲ ಹಿಂದೆ ಇದ್ದೆ, ಒಂದಕ್ಷರ ಬಿಡದೆ ಕೇಳಿದ್ದೇನೆ. ನೀವು ಮೀಸೆಯ ಮೇಲೆ ಕೈಯಿಟ್ಟು, “ಬೇಸಿಗೆಯಲ್ಲೇ ಆಡ್ತಾರೆ. ಆಡದೇ ಹೋದ್ರೆ ಈ ಮೀಸೆ ಬೋಳಿಸ್ತೀನಿ!” ಎಂದಿರಿ. ಅಪ್ಪನಿಗೆ ಸುಮ್ಮನಿರಲು ಬರುತ್ತದೆಯೇ? ತಮ್ಮದರ ಮೇಲೆ ಕೈಯಿಟ್ಟು, “ಈ ಊರಲ್ಲಿ ಫುಟ್ಬಾಲ್ ನೋಡ್ತಾ ನನ್ನ ಹಲ್ಲು ಚಳಿಗೆ ಕಟಕಟ ಅಂದ್ರೆ, ಇದೂ ಇರಲ್ಲ!” ಎಂದರು. ಬೂ ಖಮೀಸ್ ತಾತ ಎರಡು ಮೀಸೆಗಳನ್ನೂ ಸರಿಯಾಗಿ ನೋಡಿಕೊಂಡು, “ಎರಡೂ ಹೋದ್ರೆ ಈ ಮನೇಲಿ ನೋಡೋಕೆ ಏನಿರುತ್ತಪ್ಪ?” ಎಂದರು.

ಆಮೇಲೆ ಏನಾಯಿತೆಂದು ನಿಮಗೇ ಗೊತ್ತು. ಬಿಸಿಲಿಗೆ ಹೆದರಿ, ಕಾಲಿನ ಆಟಕ್ಕಾಗಿ ಕಾಲವನ್ನೇ ಬದಲಿಸಿದರು. ಬೇಸಿಗೆ ಬಿಟ್ಟು ಚಳಿಗಾಲದಲ್ಲಿ ಎಂದು ಸುದ್ದಿ ಬಂದ ವಾರವೇ ನೀವು ಅತ್ತೆಯ ತವರೂರಿಗೆ ಹೊರಟಿರಿ. “ಸಲಾಲಾದಲ್ಲಿ ಮಳೆಗಾಲ ನೋಡ್ಕೊಂಡು ಬಂದ್ಬಿಡ್ತೀನಿ ಅಕ್ಕ.” ಮಳೆಗಾಲಕ್ಕೆ ಇನ್ನೂ ಮೂರು ತಿಂಗಳಿತ್ತು. ಮೋಡ ಇಲ್ಲಿಗೆ ಬರಲಿಲ್ಲ, ನೀವೇ ಮೋಡ ಇರುವ ಊರಿಗೆ ಹೋದಿರಿ. ಮೊದಲ ವರ್ಷ ಎಲ್ಲರೂ ನಕ್ಕೆವು. ಎರಡನೆಯ ವರ್ಷ ಅಪ್ಪ ಒಬ್ಬರೇ ನಕ್ಕರು. ಆಮೇಲೆ ಅದು ನಗುವ ವಿಷಯವಾಗಿ ಉಳಿಯಲಿಲ್ಲ, ಆದರೆ ನಗುವುದನ್ನು ಮೊದಲು ನಿಲ್ಲಿಸುವವರು ಸೋತಂತೆ ಎಂದು ಇಬ್ಬರಿಗೂ ಅನ್ನಿಸಿರಬೇಕು. ಅಮ್ಮ ಒಂದು ಸಲ ಮಾತ್ರ, ಪಾತ್ರೆ ತೊಳೆಯುತ್ತಾ, “ಎರಡು ಮೀಸೆ ಮಧ್ಯೆ ನನ್ನ ತಮ್ಮ ಕಳೆದುಹೋದ” ಎಂದಳು.

ಈಗ ವಿಶ್ವಕಪ್ಪಿಗೆ ಬರುತ್ತೇನೆ. ನಮ್ಮ ತಂಡದ ಬಗ್ಗೆ ಹೆಚ್ಚು ಕೇಳಬೇಡಿ. ಮನೆಗೆ ಬಂದ ಅತಿಥಿಯನ್ನು ಸೋಲಿಸುವುದು ಮರ್ಯಾದೆಯಲ್ಲವೆಂದು ಮೂರು ಪಂದ್ಯವನ್ನೂ ಬಿಟ್ಟುಕೊಟ್ಟರು. ಗೋಲು ಒಂದು, ಗೋಳು ಹಲವು. ಆದರೆ ಊರು ನೋಡಬೇಕಿತ್ತು ನೀವು! ಪ್ರಪಂಚವೆಲ್ಲ ಕೊಡೆ, ಟೋಪಿ, ಮುಖಕ್ಕೆ ಬಳಿಯುವ ಬಿಳಿ ಮುಲಾಮು ಹಿಡಿದು ಬಂದಿಳಿಯಿತು. ನಾವೋ, ನವೆಂಬರು ಬಂತೆಂದು ಪೆಟ್ಟಿಗೆಯಿಂದ ಸ್ವೆಟರು ತೆಗೆಯುತ್ತಿದ್ದೆವು. ನಮ್ಮ ಬೀದಿಯ ಕರಕ್ ಚಹಾದ ಅಂಗಡಿಯ ಮುಂದೆ ಚಡ್ಡಿ ತೊಟ್ಟ ಒಬ್ಬ ಬಿಳಿಯ, ಸೀಗಡಿಯಂತೆ ಕೆಂಪಾಗಿ, “ಈ ಸೆಕೆಯಲ್ಲಿ ನೀವೆಲ್ಲ ಅದು ಹೇಗೆ ಬದುಕುತ್ತೀರಿ?” ಎಂದು ನನ್ನನ್ನು ಕೇಳಿದ. ನಾನು ಶಾಲು ಹೊದ್ದುಕೊಂಡಿದ್ದೆ. ಯಾವ ಸೆಕೆ ಎಂದು ನಿಜವಾಗಿಯೂ ತಿಳಿಯದೆ ಸುತ್ತ ನೋಡಿದೆ. ಅವನು ಬಂದಿದ್ದು ನಮ್ಮ ಚಳಿಗಾಲಕ್ಕೆ. ಬೇಸಿಗೆಯ ಪರಿಚಯ ಅವನಿಗೆ ಇಲ್ಲ, ಚಳಿಗಾಲಕ್ಕೇ ಬೆವರುತ್ತಿದ್ದ.

ಆಗಲೇ ನನ್ನ ತಲೆಗೆ ಒಂದು ಹುಳ ಹೊಕ್ಕಿತು. ಚಳಿಗಾಲಕ್ಕೆ ಬದಲಿಸಿದ ಮೇಲೂ ಮೈದಾನದಲ್ಲಿ ತಣ್ಣನೆ ಗಾಳಿ ಬಿಡುತ್ತಾರಂತೆ. ಸರಿ. ತಣ್ಣಗೆ ಮಾಡುವುದೆಂದರೆ ಒಳಗಿನ ಸೆಕೆಯನ್ನು ತೆಗೆದು ಹೊರಗೆ ಹಾಕುವುದು, ನಮ್ಮ ಮನೆಯ ಎ.ಸಿ. ಹಿಂದೆ ಬೆಕ್ಕು ಕೂಡ ನಿಲ್ಲದ ಹಾಗೆ. ಅಷ್ಟು ದೊಡ್ಡ ಮೈದಾನದ, ಅಷ್ಟು ಸಾವಿರ ಜನರ ಸೆಕೆಯನ್ನು ತೆಗೆದು ಎಲ್ಲಿಡುತ್ತಾರೆ? ಅಪ್ಪನನ್ನು ಕೇಳಿದರೆ, “ನಿನ್ನ ಮಾವನ ತಲೆಯಲ್ಲಿಟ್ಟಿರ್ತಾರೆ, ಜಾಗ ಖಾಲಿ ಇದೆ” ಎಂದರು. ನನಗೆ ನೋಡಲೇಬೇಕೆನ್ನಿಸಿತು. ಮೂರು ಟಿಕೆಟ್ಟು ತೆಗೆದುಕೊಂಡೆ. ಸತ್ಯವಾಗಿ ಹೇಳುತ್ತೇನೆ, ಅಪ್ಪನ ಹಲ್ಲಿನ ಯೋಚನೆ ಆಗ ನನಗೆ ಇರಲಿಲ್ಲ. ಅಪ್ಪನಿಗಿತ್ತು.

ನಡುಹಗಲ ಪಂದ್ಯ. ಅಪ್ಪ ಬಂದು ಕಾರಿನ ಪಕ್ಕ ನಿಂತದ್ದು ಕುರಿತುಪ್ಪಳದ ಆ ದಪ್ಪ ಫರ್ವಾ ಹೆಗಲ ಮೇಲೆ ಹಾಕಿಕೊಂಡು! ಮರಳುಗಾಡಿನ ಡೇರೆಯಲ್ಲಿ ರಾತ್ರಿ ಮಲಗುವಾಗ ಹೊದೆಯುತ್ತಾರಲ್ಲ, ಅದೇ. ಬಿಸಿಲು ಸುಖವಾಗಿತ್ತು, ಒಂದು ಎಳೆ ಬೆವರು ಬರುವಷ್ಟು. “ಇದೇನ್ ವೇಷ ರೀ?” ಎಂದಳು ಅಮ್ಮ. “ಮುನ್ನೆಚ್ಚರಿಕೆ” ಎಂದರು ಅಪ್ಪ, ವಕೀಲರಂತೆ. ಮೈದಾನದ ಬಾಗಿಲಲ್ಲಿ ಪರದೇಶದವರು ಸಾಲುಗಟ್ಟಿ ಅಪ್ಪನೊಂದಿಗೆ ಫೋಟೋ ತೆಗೆಸಿಕೊಂಡರು. ಇವರು ಯಾವುದೋ ತಂಡದ ಗೊಂಬೆವೇಷದವರೆಂದು ತಿಳಿದರೋ ಏನೋ. ಅಪ್ಪ ಬೆವರು ಸುರಿಸುತ್ತಾ ಎಲ್ಲರಿಗೂ ಮೀಸೆ ತಿರುವಿ ತೋರಿಸಿದರು. ಆ ಮೀಸೆಗೆ ಗಂಡಾಂತರ ಹತ್ತಿರವಿದೆ ಎಂದು ಆಗ ನಾನು ಹೇಳಿದ್ದರೆ ನಂಬುತ್ತಿದ್ದರೇ?

ಒಳಗೆ ಹೋಗಿ ಕೂತೆವು. ಕುರ್ಚಿಯ ಕೆಳಗೆ ಸಣ್ಣ ಸಣ್ಣ ಜಾಲರಿ. ತಂಡ ಬರುವ ಮೊದಲೇ ತಂಡಿ ಬಂತು. ಕಣಕಾಲಿನಿಂದ ಮೇಲಕ್ಕೆ, ಹೇಳದೆ ಕೇಳದೆ ಏರಿತು. ಯಾವ ಎರಡು ದೇಶಗಳೆಂದು ಕೇಳಬೇಡಿ. ಒಂದು ಕೆಂಪು, ಒಂದು ಬಿಳಿ. ಬಿಳಿಯವರ ಕಾಲು ಸಣ್ಣಗಿದೆ, ಮನೆಯಲ್ಲಿ ಸರಿಯಾಗಿ ಊಟಕ್ಕೆ ಹಾಕಿಲ್ಲ ಎಂದು ಅಮ್ಮ ಬಿಳಿಯವರ ಪಕ್ಷ ಸೇರಿದಳು. ಅವಳಿಗೆ ಮೈದಾನ ಹೊಸದು. ಚೆಂಡಿಗಿಂತ ಹೆಚ್ಚಾಗಿ ಮೇಲೆ ನೋಡುತ್ತಿದ್ದಳು, ಆ ದೊಡ್ಡ ದೊಡ್ಡ ತೊಲೆಗಳನ್ನು, ಅವು ಒಂದಕ್ಕೊಂದು ಕೂಡಿದ ಎತ್ತರವನ್ನು. ಇದ್ದಕ್ಕಿದ್ದಂತೆ, “ಲುಲ್ವಾ, ಇದನ್ನ ಕಟ್ಟಿದ್ದು ಯಾವ ಕಾಲದಲ್ಲಿ?” ಎಂದು ಕೇಳಿದಳು. ಎಲ್ಲ ಕಾಲದಲ್ಲೂ ಅಮ್ಮ, ವರ್ಷಗಟ್ಟಲೆ ಎಂದೆ. “ಜುಲೈಯಲ್ಲೂ?” ಜುಲೈಯಲ್ಲೂ. “ಆಡೋಕಾಗದ ಬಿಸಿಲಲ್ಲಿ ಕಟ್ಟೋಕಾಗುತ್ತಾ?” ನಮ್ಮ ಅಂಗಳದಲ್ಲಿ ನೀವು ಬಿದ್ದದ್ದು ಅವಳ ಕಣ್ಣ ಮುಂದೆ ಇತ್ತೋ ಏನೋ. ಅಪ್ಪ ಫರ್ವಾವನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಂಡರು. ಅಮ್ಮ ಆಮೇಲೆ ಬಹಳ ಹೊತ್ತು ತೊಲೆಗಳ ಮೇಲಿಂದ ಕಣ್ಣು ತೆಗೆಯಲಿಲ್ಲ. ಖಾಲಿ, ನಾನು ಕುತೂಹಲದವಳು, ಎಲ್ಲದಕ್ಕೂ ಒಂದು ಶ್ಲೇಷೆ ಹುಡುಕುವವಳು. ಈ ಪ್ರಶ್ನೆಗೆ ಸಿಗಲಿಲ್ಲ.

ಎರಡನೆಯ ಅರ್ಧ ಶುರುವಾಗುವ ಹೊತ್ತಿಗೆ ಅಪ್ಪ ಫರ್ವಾದೊಳಗೆ ಪೂರ್ತಿ ಮುಳುಗಿದ್ದರು. ಮೂಗು ಮತ್ತು ಮೀಸೆ ಮಾತ್ರ ಹೊರಗೆ. ಏನೋ ಸಣ್ಣ ಸದ್ದು ಬರುತ್ತಿತ್ತು. ಯಾರೋ ಹಿಂದೆ ಕಡಲೆ ಅಗಿಯುತ್ತಿದ್ದಾರೆ ಎಂದುಕೊಂಡೆ. ಅಮ್ಮ ತಿರುಗಿ ನೋಡಿ, ಕೈಚಾಚಿ ಅಪ್ಪನ ಗದ್ದ ಹಿಡಿದಳು. “ಇದೇನ್ರೀ ಬಾಯೊಳಗೆ, ಟೈಪ್ ಮಾಡ್ತಿದ್ದೀರ?” “ಕೋ-ಕೋ-ಕೋಪ ಕಣೇ” ಎಂದರು ಅಪ್ಪ, “ಆ ರೆಫ್ರೀ ಮೇಲೆ.” ರೆಫ್ರೀ ಆ ಹೊತ್ತಿನಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. “ಚಳಿ ಆಗ್ತಿದೆಯಾ?” “ನಂಗಾ? ಚ-ಚ-ಚಳಿನಾ?” ಅಪ್ಪ ಎದ್ದು, ಪಾಯಖಾನೆಗೆ ಹೋಗಿ ಬರುತ್ತೇನೆಂದು ಹೊರಟೇಹೋದರು. ಒಂದು ಗೋಲಾಯಿತು, ಅಪ್ಪ ಬರಲಿಲ್ಲ. ಇನ್ನೊಂದಾಯಿತು, ಬರಲಿಲ್ಲ. ಬಿಳಿಯವರು ಕೆಂಪಿನವರ ಚಳಿ ಬಿಡಿಸುತ್ತಿದ್ದರು. ನಮ್ಮ ಕಡೆ ಚಳಿ ಬಿಡಿಸಿಕೊಳ್ಳಲು ಒಬ್ಬರು ಎಲ್ಲೋ ಹೋಗಿದ್ದರು. ನಾನೂ ಅಮ್ಮನೂ ಹುಡುಕಲು ಎದ್ದೆವು.

ಪಾಯಖಾನೆಯ ಹತ್ತಿರ ಇಲ್ಲ, ಚಹಾದ ಹತ್ತಿರ ಇಲ್ಲ. ಹೊರಗೆ ಬಂದು ಮೈದಾನಕ್ಕೆ ಅರ್ಧ ಸುತ್ತು ಬಂದೆವು. ಹಿಂಬದಿಯಲ್ಲಿ ಯಂತ್ರಗಳಿಟ್ಟ ಒಂದು ಉದ್ದನೆಯ ಕಟ್ಟಡ, ಅದರ ಗೋಡೆಯ ತುಂಬ ಆಳೆತ್ತರದ ಜಾಲರಿ, ಅದರೊಳಗಿಂದ ಹೋ ಎಂದು ಬಿಸಿಗಾಳಿ. ಜುಲೈಯೇ ಅಲ್ಲಿ ನಿಂತು ಉಸಿರಾಡುತ್ತಿದ್ದಂತೆ. ಆ ಜಾಲರಿಗೆ ಬೆನ್ನು ಕೊಟ್ಟು, ಫರ್ವಾವನ್ನು ರೆಕ್ಕೆಯಂತೆ ಎರಡೂ ಕಡೆ ಬಿಚ್ಚಿ, ಕಣ್ಣು ಮುಚ್ಚಿ, ಮೈ ಒಣಗಿಸಿಕೊಳ್ಳುವ ಗಿಡುಗದಂತೆ ನಿಂತಿದ್ದವರು ನಮ್ಮ ಅಪ್ಪ! ಒಬ್ಬರೇ ಅಲ್ಲ. ಅವರ ಪಕ್ಕದಲ್ಲಿ, ತಲೆಬಟ್ಟೆ ಘುತ್ರಾವನ್ನು ಕಿವಿಗೆ ಸುತ್ತಿಕೊಂಡು, ಬೂ ಖಮೀಸ್ ತಾತ. ಆಚೆಗೆ ಅದೇ ವಯಸ್ಸಿನ ಇನ್ನೂ ನಾಲ್ಕೈದು ಜನ. ಯಾರೋ ಫ್ಲಾಸ್ಕು ತಂದಿದ್ದರು. ಪ್ರಪಂಚದ ಬಹುದೊಡ್ಡ ಆಟವನ್ನು ಹಿಂದೆ ಬಿಟ್ಟು, ನಮ್ಮೂರ ಹಿರಿಯರೆಲ್ಲ ಅಲ್ಲಿ ಸಣ್ಣದೊಂದು ಮಜ್ಲಿಸು ನಡೆಸುತ್ತಿದ್ದರು.

ಅಪ್ಪ ಕಣ್ಣು ಬಿಟ್ಟು ನನ್ನನ್ನು ನೋಡಿದರು. ಮುಖದಲ್ಲಿ ಎಂಥ ಸಂತೋಷವೆಂದರೆ, ಪ್ರತಿಜ್ಞೆ ಪೂರ್ತಿ ಮರೆತುಹೋಗಿತ್ತು. “ಬಾ ಮಗಳೇ, ಬಾ! ಕೇಳ್ತಿದ್ದೆಯಲ್ಲ, ಸೆಕೆ ಎಲ್ಲಿಟ್ಟಿದ್ದಾರೆ ಅಂತ? ಇಲ್ಲಿದೆ! ಅಬ್ಬಾ, ಒಳಗಡೆ ನಿಂತು ನನ್ನ ಮೂಳೆ ಮೂಳೆ…” ಎಂದವರು ಅಲ್ಲಿಗೇ ನಿಲ್ಲಿಸಿದರು. ನನ್ನ ಹಿಂದೆ ಅಮ್ಮನನ್ನು ಕಂಡರು. ಬೂ ಖಮೀಸ್ ತಾತ ಚಹಾ ಹೀರುವುದನ್ನು ನಿಲ್ಲಿಸಿ, ನಿಧಾನವಾಗಿ ಅಪ್ಪನ ಕಡೆ ತಿರುಗಿ, “ಗಾನಿಮ್, ನೀನು ಏನೋ ಒಂದು ಮಾತು ಆಡಿದ್ದೆ ಅಲ್ವಾ, ಹನ್ನೊಂದು ವರ್ಷದ ಕೆಳಗೆ?” ಎಂದರು. ಅಪ್ಪನ ಕೈ ತಾನಾಗಿ ಮೇಲ್ದುಟಿಗೆ ಹೋಯಿತು. “ಇದು ಬೇರೆ” ಎಂದರು. “ಇದು ಚಳಿಗಾಲ. ಚಳಿಗಾಲದಲ್ಲಿ ಚಳಿ ಆಗೋದು ಲೆಕ್ಕಕ್ಕಿಲ್ಲ.” ತಾತ ತಲೆಯಾಡಿಸಿದರು: “ನೀನು ಕಾಲ ಹೇಳಿರ್ಲಿಲ್ಲಪ್ಪ. ಹಲ್ಲು ಹೇಳಿದ್ದೆ.” “ಲುಲ್ವಾ, ನಿನ್ನ ಮಾವನಿಗೆ ಇದನ್ನ ಹೇಳೋ ಅಗತ್ಯ ಏನಿಲ್ಲ, ಅಲ್ವಾ?” ಎಂದರು ಅಪ್ಪ, ಮೆಲ್ಲಗೆ. ಉತ್ತರ ಅಮ್ಮ ಕೊಟ್ಟಳು. ಗಟ್ಟಿಯಾಗಿಯೇನೂ ಅಲ್ಲ. “ನನ್ನ ತಮ್ಮನ್ನ ಕರ್ಕೊಂಡು ಬನ್ನಿ ರೀ.” “ಮೀಸೆ?” “ಬೋಳಿಸಿದ ಮೀಸೆ ಬೆಳೆಯುತ್ತೆ. ನಂಗೆ ಇನ್ನೊಬ್ಬ ತಮ್ಮ ಬೆಳೀತಾನಾ?”

ಅಷ್ಟು ಹೇಳಿ ಅವಳು ಕಾರಿನ ಕಡೆ ಹೊರಟಳು. ಹಿಂದೆ ಮೈದಾನದಲ್ಲಿ ಏನೋ ಆಗಿ ಪ್ರಪಂಚವೆಲ್ಲ ಬೊಬ್ಬೆ ಹೊಡೆಯಿತು, ನಮ್ಮಲ್ಲಿ ಯಾರೂ ತಿರುಗಿ ನೋಡಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ನ್ಯಾಯಶಾಸ್ತ್ರ ಶುರು ಮಾಡಿದರು. ಪ್ರತಿಜ್ಞೆ ‘ಫುಟ್ಬಾಲ್ ನೋಡ್ತಾ’ ಎಂದಿತ್ತು, ಹಲ್ಲು ಕಟಕಟ ಎಂದಾಗ ತಾವು ಫಲಕದ ಮೇಲಿನ ಅಂಕಿ ನೋಡುತ್ತಿದ್ದದ್ದು. ಮೇಲಿನ ಸಾಲಿನ ಹಲ್ಲಿನಲ್ಲಿ ಎರಡು ಕಟ್ಟಿಸಿದವು, ಅವು ‘ನನ್ನ ಹಲ್ಲು’ ಎಂಬುದರಲ್ಲಿ ಬರುವುದಿಲ್ಲ. ಮಜ್ಲಿಸಿನಲ್ಲಿ ದಿನವೂ ವಾದ. ಬೂ ಖಮೀಸ್ ತಾತ ಚಹಾ ಕುಡಿಯುತ್ತಾ ಎಲ್ಲ ಕೇಳಿ, ಕೊನೆಗೆ “ಹಲ್ಲು ಹೇಳಿದ್ದೆ” ಎಂದು ಎದ್ದುಹೋಗುವುದು. ವಿಶ್ವಕಪ್ಪು ಮುಗಿಯಿತು, ಗೆದ್ದವರು ಕಪ್ಪು ಹೊತ್ತು ಹೋದರು, ಬೀದಿಯ ಬಾವುಟಗಳು ಇಳಿದವು, ಸೀಗಡಿ ಬಣ್ಣದವರು ತಮ್ಮ ತಮ್ಮ ಹಿಮಕ್ಕೆ ಮರಳಿದರು. ನಮ್ಮ ಮನೆಯ ಪಂದ್ಯ ಮಾತ್ರ ಹೆಚ್ಚುವರಿ ಸಮಯದಲ್ಲಿ ನಡೆಯುತ್ತಲೇ ಇದೆ. ಅಮ್ಮ ಅಪ್ಪನೊಂದಿಗೆ ಮಾತು ಬಿಟ್ಟಿಲ್ಲ. ಮಾತಾಡುತ್ತಾಳೆ: ಉಪ್ಪು ಕೊಡಿ, ಬಾಗಿಲು ಹಾಕಿ, ದೀಪ ಆರಿಸಿ. ಅಷ್ಟೇ. ಇದರ ಮುಂದೆ ಆ ಮೈದಾನದ ತಣ್ಣನೆ ಗಾಳಿ ಏನೂ ಅಲ್ಲ ಎಂದು ಅಪ್ಪ ನನ್ನ ಹತ್ತಿರ ಗುಟ್ಟಾಗಿ ಒಪ್ಪಿಕೊಂಡಿದ್ದಾರೆ.

ಆದ್ದರಿಂದ ಖಾಲಿ, ನನ್ನ ತೀರ್ಪು ಕೇಳಿ. ಬೇಸಿಗೆಯಲ್ಲಿ ಆಡಲಿಲ್ಲ, ನೀವು ಸೋತಿರಿ. ಅಪ್ಪನ ಹಲ್ಲು ಕಟಕಟ ಎಂದಿತು, ಅವರೂ ಸೋತರು. ಇಬ್ಬರೂ ಸೋತ ಪಂದ್ಯದಲ್ಲಿ ಯಾರೂ ಯಾರಿಗೂ ತಲೆ ತಗ್ಗಿಸಬೇಕಾಗಿಲ್ಲ. ಒಂದು ವಿಷಯ ಇಬ್ಬರಿಗೂ ಹೇಳಬೇಕು. ನೀವು ಇಲ್ಲಿ ಆಡಬಹುದು ಎಂದಿರಿ, ಅಪ್ಪ ಇಲ್ಲಿ ಬೇಸಿಗೆಯನ್ನು ಗೆಲ್ಲಲಾಗದು ಎಂದರು. ನಿಂತು ನೋಡಿದರೆ ಇಬ್ಬರೂ ಸರಿಯೇ ಹೇಳಿದ್ದು. ಆಡಿದರು, ಗೆಲ್ಲಲಿಲ್ಲ, ಸೆಕೆಯನ್ನು ಒಳಗಿಂದ ತೆಗೆದು ಗೋಡೆಯ ಹಿಂದೆ ಇಟ್ಟರು, ಅಷ್ಟೇ. ಅದು ಎಲ್ಲಿಗೂ ಹೋಗಿಲ್ಲ. ನೀವಿಬ್ಬರೂ ಮಾಡಿದ್ದು ಅದನ್ನೇ ಅಲ್ಲವೇ? ಕಾವನ್ನು ತೆಗೆದು ಮರಳುಗಾಡಿನ ಆಚೆಗಿಟ್ಟು, ಮನೆಯೊಳಗೆ ತಣ್ಣಗೆ ನಗುತ್ತಾ ಕೂತಿರಿ. ಆ ಕಾವಿನ ಜಾಲರಿಯ ಮುಂದೆ ಇಷ್ಟು ವರ್ಷ ನಿಂತದ್ದು ಅಮ್ಮ ಒಬ್ಬಳೇ.

ಬನ್ನಿ. ಮೀಸೆಯ ವಿಚಾರ ನಿಮಗೆ ಬಿಟ್ಟದ್ದು. ಇಟ್ಟುಕೊಂಡೇ ಬನ್ನಿ, ಕತ್ತಿ ಹಿಡಿದು ಬಾಗಿಲಲ್ಲಿ ಯಾರೂ ನಿಲ್ಲದಂತೆ ನಾನು ನೋಡಿಕೊಳ್ಳುತ್ತೇನೆ.

ತುಫೂಲತ್ತೆಗೆ ನನ್ನ ಸಲಾಂ. ಅವರು ಕಳಿಸಿದ್ದ ಲೋಬಾನದ ಹೊಗೆ ನಮ್ಮ ಪರದೆಗಳಲ್ಲಿ ಇನ್ನೂ ಇದೆ. ನಿಮ್ಮ ಮನೆಯ ಮೇಲೆ ದೇವರ ದಯೆ ಇರಲಿ, ಮಂಡಿಯ ಮೇಲೂ ಸ್ವಲ್ಪ.

ನಿಮ್ಮನ್ನು ಎದುರಿಗೇ ರೇಗಿಸಲು ಕಾದಿರುವ,
ಅಕ್ಕನ ಮಗಳು
ಲುಲ್ವಾ

ಮ.ವಿ.: ಪತ್ರವನ್ನು ಅಮ್ಮನಿಂದ ಮತ್ತೆ ಇಸಿದುಕೊಂಡು ಅವಸರದಲ್ಲಿ ಬರೆಯುತ್ತಿದ್ದೇನೆ, ಹೊರಗೆ ಅಪ್ಪ ಹಾರನ್ ಹೊಡೆಯುತ್ತಿದ್ದಾರೆ. ಲಕೋಟೆ ಅಂಟಿಸುವ ಮೊದಲು ಅಮ್ಮ ಪತ್ರ ಕೇಳಿದಳು, ಕೊಟ್ಟೆ. ನಿಂತಲ್ಲೇ ಪೂರ್ತಿ ಓದಿದಳು. “ಅಂಚೆಯವ್ರಿಗೆ ಯಾಕೆ ಕೊಡ್ತೀಯ, ತಾ ಇಲ್ಲಿ” ಎಂದು ಕೈಚೀಲಕ್ಕೆ ಹಾಕಿಕೊಂಡು, ಅಪ್ಪನ ಕಡೆ ತಿರುಗಿ, “ಮರಳುಗಾಡಿನ ಮಧ್ಯೆ ಹೊಸ ರಸ್ತೆ ಆಗಿದೆಯಂತಲ್ಲ, ಕಾರು ತೆಗೀರಿ” ಎಂದಳು. ಕಾರಿನಲ್ಲಿ ಅರ್ಧ ಗಂಟೆ ಕೂತರೆ ವಾಂತಿ ಮಾಡಿಕೊಳ್ಳುವ ನಮ್ಮಮ್ಮ! ಅಪ್ಪ ಬಚ್ಚಲಿಗೆ ಹೋಗಿ ಬಹಳ ಹೊತ್ತು ಇದ್ದರು. ಹೊರಬಂದಾಗ ಘುತ್ರಾವನ್ನು ಕಣ್ಣಿನ ಕೆಳಗೆ ಬಿಗಿಯಾಗಿ ಸುತ್ತಿಕೊಂಡಿದ್ದರು, ಮರಳುಗಾಳಿ ಎದ್ದಿದೆಯೆಂಬಂತೆ. ಇಲ್ಲಿ ಒಂದೆಲೆಯೂ ಅಲ್ಲಾಡುತ್ತಿಲ್ಲ. ಹಾಗಾಗಿ, ನೀವು ಇದನ್ನು ಓದುತ್ತಿರುವಾಗ ಎದುರಿಗೆ ಕೂತು, ಓದಿ ಮುಗಿಯಲಿ ಎಂದು ಕಾಯುತ್ತಿರುವವಳು ನಿಮ್ಮ ಅಕ್ಕ. ಬಾಗಿಲ ಹೊರಗೆ ಕಾರಿನಲ್ಲಿ ಮುಖ ಮುಚ್ಚಿಕೊಂಡು ಕೂತಿರುವವರನ್ನು ನೀವೇ ಹೋಗಿ ಒಳಗೆ ಕರೆಯಬೇಕು, ತಾವಾಗಿ ಬರುವುದಿಲ್ಲ. ಬಟ್ಟೆ ಸರಿಸಿದಾಗ ನಗು ಬಂದರೆ ತಡೆಯಬೇಡಿ. ನೀವು ನಕ್ಕರೆ ಅವರೂ ನಗುತ್ತಾರೆ. ಅಮ್ಮ ಅಷ್ಟು ದೂರ ಬಂದಿರುವುದು ಅದನ್ನು ಕೇಳುವುದಕ್ಕೇ.